ಹಿಂದಿನ ಸೀಟಿನಲ್ಲಿ ಕಲಿತ ಡ್ರೈವಿಂಗ್

ಈ ದೇಶದಲ್ಲಿ ಡ್ರೈವಿಂಗ್ ಹೇಳಿಕೊಡುವವರು ಕೂರುವುದು ಬಲಗಡೆ. ಮೈಸೂರಿನಲ್ಲಿ ನಾನು ಕಾರು ಓಡಿಸುತ್ತಿದ್ದದ್ದೂ ಬಲಗಡೆ ಕೂತೇ. ಹಾಗಾಗಿ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನ ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ಮೊದಮೊದಲು ನನಗೆ ವಿಚಿತ್ರ ಸಂಕಟ. ಎದುರಿಗೆ ಗಾಜು, ಬಲಕ್ಕೆ ಬಾಗಿಲು, ಕಾಲಡಿ ಬ್ರೇಕು ಎಲ್ಲ ಇದ್ದಲ್ಲೇ ಇದೆ, ಸ್ಟೀರಿಂಗನ್ನು ಮಾತ್ರ ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಕೈಗಳು ತಾವಾಗಿಯೇ ಮೇಲೆದ್ದು ಗಾಳಿಯನ್ನು ಹಿಡಿಯುತ್ತಿದ್ದವು. ಕಲಿಯಲು ಬಂದವರು ನಕ್ಕಾರೆಂದು ಅವನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದೆ.

ಸ್ಕೂಲಿನ ಕಾರಿನಲ್ಲಿ ಬ್ರೇಕು ಎರಡು. ಓಡಿಸುವವರಿಗೊಂದು, ಕಲಿಸುವವರಿಗೊಂದು. ಮಿಕ್ಕಿದ್ದು ಯಾವುದೂ ನಮ್ಮ ಕೈಯಲ್ಲಿಲ್ಲ, ನಿಲ್ಲಿಸುವ ಅಧಿಕಾರ ಮಾತ್ರ ನಮ್ಮದು. ಒಳ್ಳೆಯ ಮೇಷ್ಟ್ರು ಆ ಬ್ರೇಕನ್ನು ಮುಟ್ಟುವುದೇ ಇಲ್ಲ ಎಂದು ಹೇಳುವವರಿದ್ದಾರೆ. ಅವರು ನಮ್ಮ ಜನಕ್ಕೆ ಕಲಿಸಿರಲಿಕ್ಕಿಲ್ಲ.

ನನ್ನದೊಂದು ಕಟ್ಟಳೆ ಇತ್ತು. ಗಂಡಸರು ಕಲಿಯಲು ಬಂದರೆ ಅವರ ಮನೆಯವರೊಬ್ಬರು ಹಿಂದಿನ ಸೀಟಿನಲ್ಲಿ ಕೂರಲೇಬೇಕು. ಮೈಸೂರಿನಲ್ಲಿ ನಮ್ಮ ಅಬ್ಬಾ ಹೆಂಗಸರಿಗೆ ಡ್ರೈವಿಂಗ್ ಕಲಿಸುವಾಗ ನನ್ನನ್ನೋ ಅಮ್ಮಿಯನ್ನೋ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ನಾನು ಅದನ್ನೇ ತಿರುಗುಮುರುಗು ಮಾಡಿ ಇಲ್ಲಿಗೆ ತಂದೆ. ಸ್ಕೂಲಿನ ಮಾಲೀಕರಾದ ಪಂಜಾಬಿ ಅಂಕಲ್‌ಗೆ ಇದು ತಮಾಷೆ. ಅಮೆರಿಕದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಕೇಳಿದರು. ನಾನು ನೋಡುತ್ತೇನಲ್ಲ ಎಂದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ಬಿದ್ದುಹೋದ ವರ್ಷ ಅದು. ಅದಕ್ಕೆ ಮುಂಚೆ ನನ್ನ ಹತ್ತಿರ ಬರುತ್ತಿದ್ದವರು ಹೆಚ್ಚಾಗಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು. ಆ ಚಳಿಗಾಲದಲ್ಲಿ ಗಂಡಸರು ಬರತೊಡಗಿದರು. ಇವರೆಲ್ಲ ಓಲ್ಡ್ ಬ್ರಿಡ್ಜ್‌ನಿಂದ ಮ್ಯಾನ್‌ಹಾಟನ್‌ಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತಿದ್ದವರು. ಮನೆ ಹತ್ತಿರವೇ ಬಸ್ಸು ಹತ್ತಿ, ನಿದ್ದೆ ಮಾಡಿ, ಊರು ಬಂದಾಗ ಎದ್ದು ಇಳಿಯುತ್ತಿದ್ದವರಿಗೆ ಕಾರಿನ ಗೊಡವೆಯೇ ಇರಲಿಲ್ಲ. ಈಗ ಅಲ್ಲಿಯ ಕೆಲಸ ಹೋಗಿತ್ತು. ಅಷ್ಟಿಷ್ಟು ಕೆಲಸ ಸಿಗುತ್ತಿದ್ದದ್ದು ಕ್ರ್ಯಾನ್‌ಬರಿಯ ಕಡೆ, ಟರ್ನ್‌ಪೈಕ್ ಹೆದ್ದಾರಿಯ ಪಕ್ಕದ ಗೋದಾಮುಗಳಲ್ಲಿ. ಅಲ್ಲಿಗೆ ಬಸ್ಸಿಲ್ಲ.

ಒಂದು ದಿನ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು.

"ಆಂಟಿ, ನಮ್ಮನೆಯವ್ರಿಗೆ ಡ್ರೈವಿಂಗ್ ಚೆನ್ನಾಗ್ ಬರತ್ತೆ. ಬರೀ ಸೈಡ್ ಚೇಂಜ್ ಮಾಡ್ಸಿಕೊಡ್ಬೇಕು ಅಷ್ಟೇ."

"ಸೈಡ್ ಚೇಂಜ್ ಮಾಡ್ಸೋಕೆ ಅದೇನ್ ತಲೆದಿಂಬೇನಮ್ಮ?" ಎಂದೆ. ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾನು ಆಮೇಲೆ ಹೆಚ್ಚು ಕೇಳಲಿಲ್ಲ.

ಗಂಡನಿಗೆ ನಲವತ್ತರ ಆಸುಪಾಸು. ತುಮಕೂರಿನ ಕಡೆಯವರು, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು. ಮ್ಯಾನ್‌ಹಾಟನ್‌ನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದು, ಅದು ಹೋಗಿ, ಕ್ರ್ಯಾನ್‌ಬರಿಯ ಒಂದು ಔಷಧಿ ಗೋದಾಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಲಾರಿಗೆ ಮಾಲು ಏರಿಸುವಾಗ ಕಂಪ್ಯೂಟರ್ ಕೈಕೊಟ್ಟರೆ ಭಾನುವಾರವಾದರೂ ಸರಿ, ಕರೆದ ತಕ್ಷಣ ಹಾಜರಾಗಬೇಕು ಎಂಬುದು ಕೆಲಸ ಕೊಡುವಾಗಲೇ ಹಾಕಿದ್ದ ಷರತ್ತು. ಅಲ್ಲೇ ಕೆಲಸ ಮಾಡುವ ನೆರೆಮನೆಯವನೊಬ್ಬ ಫೆಬ್ರವರಿ ಕೊನೆಯವರೆಗೆ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗುವುದಾಗಿ ಒಪ್ಪಿದ್ದ. ಆಮೇಲೆ ಅವನ ಶಿಫ್ಟು ಬದಲಾಗುವುದಿತ್ತು. ಅಷ್ಟರೊಳಗೆ ಇವರಿಗೆ ಲೈಸೆನ್ಸ್ ಆಗಬೇಕು.

ಅವಸರ ಕೆಲಸಕ್ಕಷ್ಟೇ ಆಗಿದ್ದರೆ ನಾನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಆರು ವರ್ಷದ ಮಗಳು. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಇಲ್ಲಿಗೆ ಬಂದಮೇಲೆ ಆಪರೇಷನ್ ಮಾಡಿಸಿ, ಕಿವಿಯ ಹಿಂದೆ ಒಂದು ಯಂತ್ರ ಹಾಕಿಸಿದ್ದರು. ಯಂತ್ರ ಹಾಕಿದರೆ ಸಾಲದಂತೆ. ಕೇಳಿಸಿದ ಸದ್ದು ಏನೆಂದು ಮಗುವಿಗೆ ಒಂದೊಂದಾಗಿ ಕಲಿಸಬೇಕು. ಅದಕ್ಕೆ ಶಾಲೆಯಲ್ಲಿ ಒಬ್ಬ ಸ್ಪೀಚ್ ಟೀಚರ್ ಇದ್ದರು. ಮಗುವಿನ ಜೊತೆ ಒಂದೇ ಭಾಷೆ ಆಡಿ, ಎರಡು ಬೇಡ ಎಂದು ಅವರು ಹೇಳಿದ್ದರಿಂದ ಗಂಡ ಹೆಂಡತಿ ಮಗಳೊಂದಿಗೆ ಬರೀ ಇಂಗ್ಲಿಷಿನಲ್ಲಿ, ತಮ್ಮ ತಮ್ಮಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ವರ್ಷವಷ್ಟೇ ಮಗು ಎರಡು ಮೂರು ಮಾತು ಜೋಡಿಸಿ ಆಡತೊಡಗಿತ್ತು. ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ಆ ಶಾಲೆ.

"ಅವಳಿನ್ನೂ ಅರ್ಧ ದಾರೀಲಿದಾಳೆ ಆಂಟಿ," ಎಂದಳು ಹೆಂಡತಿ, ಮೊದಲ ದಿನವೇ. "ಈಗ ಎತ್ಕೊಂಡ್ ಹೋಗ್ಬಿಟ್ರೆ ಇಷ್ಟ್ ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ."

ನಾವು ಶುರು ಮಾಡಿದ್ದು ಬಾಗಿಲು ಹಾಕಿದ್ದ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ. ಆ ವರ್ಷ ಅಂಥ ಲಾಟುಗಳಿಗೆ ಬರವಿರಲಿಲ್ಲ. ನಾನು ಬಲಗಡೆ ಕೂತು ಬೆಲ್ಟು ಹಾಕಿಕೊಂಡೆ. ಹೆಂಡತಿ ಹಿಂದೆ ಕೂತಳು. ಆತ ಕಾರನ್ನು ಒಂದು ಸುತ್ತು ಬಂದು ನನ್ನ ಕಡೆಯ ಬಾಗಿಲನ್ನೇ ತೆಗೆದರು.

"ಸರ್, ಇದು ನನ್ನ ಸೀಟು."

"ಅಯ್ಯೋ ಸಾರಿ ಮೇಡಂ, ಅಭ್ಯಾಸ."

ನಕ್ಕೆವು. ಮಾರನೆಯ ಪಾಠದಲ್ಲೂ ಅದೇ ಆಯಿತು. ಅದರ ಮಾರನೆಯ ದಿನ ನಾನು ಮೊದಲೇ ಬಾಗಿಲನ್ನು ಒಳಗಿನಿಂದ ಲಾಕ್ ಮಾಡಿಕೊಂಡು ಕೂತೆ.

ಸ್ಟೀರಿಂಗಿನ ಕಡೆ ಬದಲಾದರೆ ಏನೇನು ಬದಲಾಗುತ್ತದೆ ಎಂದು ಕೇಳಿದರೆ ಜನ ಗೇರು ಅನ್ನುತ್ತಾರೆ. ಗೇರು ಇಲ್ಲಿ ಆಟೋಮ್ಯಾಟಿಕ್, ಅದರ ತಂಟೆಯಿಲ್ಲ. ಮೊದಲು ಕಾಡುವುದು ಇಂಡಿಕೇಟರು. ನಮ್ಮೂರಿನ ಕಾರುಗಳಲ್ಲಿ ಅದರ ಕಡ್ಡಿ ಸ್ಟೀರಿಂಗಿನ ಬಲಕ್ಕೆ, ವೈಪರ್‌ದು ಎಡಕ್ಕೆ. ಇಲ್ಲಿ ಅದಲು ಬದಲು. ನಮ್ಮವರು ತಿರುಗುವ ಮುಂಚೆ ಬಿಸಿಲಿನಲ್ಲಿ ವೈಪರ್ ಹಾಕುತ್ತಾರೆ. ಎರಡನೆಯದು ಕನ್ನಡಿ, ತಲೆಯೆತ್ತಿದರೆ ಕಿಟಕಿಯಾಚೆಯ ಆಕಾಶ ಕಾಣುತ್ತದೆ, ಕನ್ನಡಿ ಇನ್ನೊಂದು ಪಕ್ಕದಲ್ಲಿರುತ್ತದೆ. ಮೂರನೆಯದೇ ಅಪಾಯದ್ದು. ಇಷ್ಟು ವರ್ಷ ಕಾರಿನ ಮೈಯೆಲ್ಲ ತಮ್ಮ ಎಡಕ್ಕೆ ಇದ್ದವರಿಗೆ ಈಗ ಅದು ಬಲಕ್ಕಿದೆ ಎಂಬುದು ಮೈಗೆ ಗೊತ್ತಾಗುವುದಿಲ್ಲ. ಗಾಡಿ ಬಲಕ್ಕೆ, ಬಲಕ್ಕೆ ಎಳೆಯುತ್ತಾ ಹೋಗುತ್ತದೆ. ಆತ ಎರಡನೆಯ ವಾರದಲ್ಲಿ ಒಂದು ಮನೆಯ ಅಂಚೆ ಡಬ್ಬಿಯನ್ನು ನನ್ನ ಕಿಟಕಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ ತಂದರು. ಕನ್ನಡಿ ಅದಕ್ಕೆ ತಾಗಿ ಮಡಚಿಕೊಂಡಿತು.

"ಜಾಗ ಇತ್ತಲ್ಲ ಮೇಡಂ," ಎಂದರು.

"ನಿಮ್ಮ ಕಡೆ ಇತ್ತು ಸರ್. ನನ್ನ ಕಡೆ ಇರ್ಲಿಲ್ಲ."

ಇದಕ್ಕೆ ನನ್ನ ಹತ್ತಿರ ಒಂದು ಮಂತ್ರ ಇದೆ. ಯಾವ ದೇಶವಾದರೂ ಓಡಿಸುವವರು ಕೂರುವುದು ರಸ್ತೆ ನಡುವಿನ ಗೆರೆಯ ಪಕ್ಕ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ತಿರುವು ಬಂದಾಗಲೆಲ್ಲ "ಗೆರೆ ನನ್ನ ಪಕ್ಕ, ಗೆರೆ ನನ್ನ ಪಕ್ಕ" ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಆತನಿಗೆ ಬಾಯಿಬಿಟ್ಟು ಹೇಳಲು ನಾಚಿಕೆ. ಹಿಂದಿನಿಂದ ಹೆಂಡತಿ ಮೆಲ್ಲಗೆ ಹೇಳಿಕೊಡುತ್ತಿದ್ದಳು. ಕನ್ನಡಿಯಲ್ಲಿ ಅವಳ ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು.

ಲಾಟಿನೊಳಗಿನ ಕೆಲಸ ಆತನಿಗೆ ನೀರು ಕುಡಿದಷ್ಟು ಸುಲಭವಾಯಿತು. ಎರಡು ಕೋಲುಗಳ ನಡುವೆ ಪ್ಯಾರಲಲ್ ಪಾರ್ಕಿಂಗ್ ಒಂದೇ ಸಲಕ್ಕೆ. ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸುವುದಂತೂ ಬೆಂಗಳೂರಿನ ಗಲ್ಲಿಯಲ್ಲಿ ಅರೆದು ಕುಡಿದ ವಿದ್ಯೆ. "ಇದೇನ್ ಮೇಡಂ, ಇಲ್ಲಿ ಜಾಗ ಜಾಸ್ತಿ ಆಗಿ ಕಷ್ಟ ಆಗ್ತಿದೆ," ಎನ್ನುತ್ತಿದ್ದರು. ನ್ಯೂಜೆರ್ಸಿಯಲ್ಲಿ ರೋಡ್ ಟೆಸ್ಟ್ ಎಂದು ಹೆಸರೇ ಹೊರತು, ನಮ್ಮ ಟೆಸ್ಟ್ ಸೆಂಟರಿನಲ್ಲಿ ಅದು ನಡೆಯುವುದು ಬೇಲಿ ಹಾಕಿದ ಮೈದಾನದಲ್ಲಿ. ಎದುರಿನಿಂದ ಯಾರೂ ಬರುವುದಿಲ್ಲ. ಆತ ಪಾಸಾಗುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಟೆಸ್ಟಿನ ದಿನವನ್ನೂ ಗೊತ್ತು ಮಾಡಿದೆ.

ರಸ್ತೆಗಿಳಿದಾಗ ಬಣ್ಣ ಬಯಲಾಯಿತು. ರೂಟ್ ಹದಿನೆಂಟರಲ್ಲಿ ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಇಳಿದು, ನೀರಿನ ಜಗ್ಗಿನ ಹಿಡಿಯ ಹಾಗೆ ಸುತ್ತಿ ಬಂದು, ಆಮೇಲೆ ರಸ್ತೆ ದಾಟಬೇಕು. ಕಡೆಯೇ ಬದಲಾಗಿರುವವರಿಗೆ ಇದೊಂದು ಗಾಯದ ಮೇಲೆ ಬರೆ. ಆತ ಸುತ್ತಿ ಬಂದು, ನೇರ ಹೋಗುತ್ತೇನೆಂದು ತಿಳಿಸಲು ಎರಡೂ ಕಡೆಯ ಇಂಡಿಕೇಟರನ್ನು ಒಟ್ಟಿಗೆ ಹಾಕಿದರು. ಹಿಂದಿನವರು ನಮ್ಮ ಗಾಡಿ ಕೆಟ್ಟಿದೆ ಎಂದುಕೊಂಡು ಸುತ್ತುಬಳಸಿ ಹೋದರು. ನಾನು ಹೇಳಿದೆ. ಆತ ಬಿಟ್ಟರು. ಬುದ್ಧಿವಂತರು, ಹೇಳಿದ್ದು ಅರ್ಥವಾಗುತ್ತಿತ್ತು.

ಆದರೆ ಲೈಟು ಹೊಡೆಯುವುದನ್ನು ಬಿಡಲಾಗಲಿಲ್ಲ. ಅದನ್ನು ನಾನು ಕಂಡುಕೊಂಡದ್ದು ತಡವಾಗಿ. ಮೊದಲ ವಾರಗಳಲ್ಲಿ ಆತ ಆಗಾಗ ಗಾಜಿನ ಮೇಲೆ ಸೋಪಿನ ನೀರು ಚಿಮ್ಮಿಸುತ್ತಿದ್ದರು. ಇಂಡಿಕೇಟರೆಂದು ವೈಪರ್ ಕಡ್ಡಿ ಎಳೆಯುತ್ತಿದ್ದಾರೆ ಎಂದುಕೊಂಡು ನಾನು ಬಯ್ದು, ತಿದ್ದಿ, ಕೈಯನ್ನು ಎಡಗಡೆಯ ಕಡ್ಡಿಗೆ ಒಗ್ಗಿಸಿದೆ. ಅಸಲಿಗೆ ಆತ ಎದುರಿನವರಿಗೆ ಲೈಟು ಹೊಡೆಯಲು ನೋಡುತ್ತಿದ್ದರು. ಕಡ್ಡಿ ತಪ್ಪಿದ್ದರಿಂದ ನೀರು ಬರುತ್ತಿತ್ತು. ನಾನು ಕಲಿಸಿದ ಮೇಲೆ ಲೈಟೇ ಬರತೊಡಗಿತು.

ಮನ್ರೋ ಕಡೆಗೆ ಹೋಗುವ ಒಳರಸ್ತೆಯಲ್ಲಿ, ಬೆಳಗಿನ ಹೊತ್ತು, ಎದುರಿನಿಂದ ಒಂದು ಕಾರು ಬಂದು ನಮ್ಮ ದಾರಿಗೆ ಅಡ್ಡ ತಿರುಗಲು ಕಾಯುತ್ತಾ ನಿಂತಿತ್ತು. ಓಡಿಸುತ್ತಿದ್ದವರು ಒಬ್ಬ ವಯಸ್ಸಾದ ಹೆಂಗಸು. ದಾರಿ ನಮ್ಮದು. ಆತ ವೇಗ ಕಡಿಮೆ ಮಾಡದೆ ಎರಡು ಸಲ ಲೈಟು ಹೊಡೆದರು. ಆಕೆ ತಕ್ಷಣ ನಮ್ಮೆದುರಿಗೆ ತಿರುಗಿಬಿಟ್ಟರು. ನಾನು ಬ್ರೇಕಿನ ಮೇಲೆ ಎದ್ದು ನಿಂತೆ ಅನ್ನಬೇಕು, ಅಷ್ಟು ಜೋರಾಗಿ ಒತ್ತಿದೆ. ಆಕೆಯ ಬಾಗಿಲಿಗೆ ಒಂದು ಗೇಣು ಬಿಟ್ಟು ನಮ್ಮ ಕಾರು ನಿಂತಿತು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದರು, ನೀವೇ ಕರೆದಿರಲ್ಲ ಎನ್ನುವ ಮುಖದಲ್ಲಿ.

ಹಿಂದಿನಿಂದ ಹೆಂಡತಿ ಹೇಳಿದಳು, "ರೀ, ನೀವು ಲೈಟ್ ಹೊಡೆದ್ರಿ."

"ನಾನ್ ಬರ್ತಾ ಇದೀನಿ, ನಿಂತ್ಕೋ ಅಂತ ಹೊಡೆದೆ ಕಣೇ."

"ಇಲ್ಲಿ ಅದಕ್ಕೆ ನೀವು ಹೋಗಿ, ನಾನು ನಿಲ್ತೀನಿ ಅಂತ ಅರ್ಥ ಸರ್," ಎಂದೆ ನಾನು. ಕಾಲನ್ನು ಇನ್ನೂ ಬ್ರೇಕಿನಿಂದ ತೆಗೆದಿರಲಿಲ್ಲ.

ಆತ ತಲೆಯಾಡಿಸಿದರು. ಅರ್ಥವಾಯಿತು ಎಂದರು. ಮರುದಿನ ಅದೇ ಮಾಡಿದರು. ಈ ಸಲ ಎದುರಿಗಿದ್ದದ್ದು ನಾಯಿ ಹಿಡಿದುಕೊಂಡು ರಸ್ತೆ ದಾಟಲು ನಿಂತಿದ್ದ ಮನುಷ್ಯ. ಲೈಟು ನೋಡಿ ಕೈಯೆತ್ತಿ ವಂದಿಸಿ ಅವನು ರಸ್ತೆಗಿಳಿದ. ಬ್ರೇಕು ಮತ್ತೆ ನನ್ನದೇ. ಆಮೇಲೆ ಒಂದು ವಾರ ನಾವು ಬೇರೇನೂ ಮಾಡಲಿಲ್ಲ, ಬರೀ ಲೈಟು ಹೊಡೆಯದೆ ಓಡಿಸುವುದನ್ನು ಅಭ್ಯಾಸ ಮಾಡಿದೆವು. ಎಡಗೈಯನ್ನು ಸ್ಟೀರಿಂಗಿನ ಕೆಳಭಾಗದಲ್ಲಿ ಹಿಡಿಸಿದೆ. ಕಡ್ಡಿಯ ಸುತ್ತ ಒರಟು ಟೇಪು ಸುತ್ತಿದೆ. ಮಾತಾಡುತ್ತಾ ನಿಧಾನಕ್ಕೆ ಹೋಗುವಾಗ ಕೈ ಸುಮ್ಮನಿರುತ್ತಿತ್ತು. ಎದುರಿಗೆ ಏನಾದರೂ ಕಂಡು ಗಾಬರಿಯಾದರೆ ಬೆರಳು ತಾನೇ ಹೋಗುತ್ತಿತ್ತು. ಆತನನ್ನು ಬಯ್ದು ಪ್ರಯೋಜನವಿರಲಿಲ್ಲ. ಅಷ್ಟು ವರ್ಷ ಬೆಂಗಳೂರಿನ ರಸ್ತೆಯಲ್ಲಿ ಆತನ ಜೀವ ಉಳಿಸಿದ್ದು ಅದೇ ಬೆರಳು.

ಟೆಸ್ಟಿಗೆ ಇನ್ನು ಕೆಲವೇ ದಿನ ಇತ್ತು. ಲಾಟಿನಲ್ಲಿ ಗಾಡಿ ನಿಲ್ಲಿಸಲು ಹೇಳಿದೆ.

"ಸರ್, ನಿಮ್ಮನ್ನ ಈ ಸಲ ಟೆಸ್ಟಿಗೆ ಕರ್ಕೊಂಡ್ ಹೋಗಲ್ಲ."

"ಯಾಕ್ ಮೇಡಂ, ಫೇಲ್ ಆಗ್ತೀನಾ?"

"ಇಲ್ಲ. ಪಾಸ್ ಆಗ್ತೀರಿ. ಅದಕ್ಕೇ."

ಆತ ಎಂಜಿನ್ ಆರಿಸಿ ನನ್ನ ಕಡೆ ತಿರುಗಿದರು. ಆಮೇಲೆ ದನಿ ಏರಿತು. "ನೀವ್ ಯಾರ್ರೀ ಅದನ್ನ ಹೇಳೋಕೆ? ಟೆಸ್ಟ್ ಮಾಡೋಕೆ ಆಫೀಸರ್ ಇದಾನೆ. ನಿಮ್ಮ ಕೆಲಸ ಕಾರ್ ಕೊಡೋದು."

"ಬೇರೆ ಸ್ಕೂಲಿಗೆ ಹೋಗಿ, ನಾನು ಬೇಡ ಅನ್ನಲ್ಲ. ನನ್ನ ಕಾರಲ್ಲಿ ಬೇಡ."

ಬೇರೆ ಸ್ಕೂಲಿನಲ್ಲಿ ಹೊಸದಾಗಿ ಸೇರಿ ದಿನ ಸಿಗುವಷ್ಟರಲ್ಲಿ ಮಾರ್ಚ್ ಮುಗಿಯುತ್ತದೆ ಎಂದು ಆತನಿಗೂ ಗೊತ್ತು, ನನಗೂ ಗೊತ್ತು. "ನನ್ನ ಮಗಳ ಬಾಯಿ ಕಟ್ತಾ ಇದೀರಿ ನೀವು," ಎಂದರು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆದರೂ ಎದೆ ಮೇಲೆ ಕೈಯಿಟ್ಟುಕೊಂಡಿದ್ದ ಆ ಮುದುಕಿಯ ಮುಖ ಕಣ್ಣೆದುರಿಗಿತ್ತು. ನಾನು ಹಿಂದೆ ತಿರುಗಿದೆ.

"ನೀವು ಮುಂದೆ ಬನ್ನಿ," ಎಂದೆ ಹೆಂಡತಿಗೆ.

"ನಾನಾ? ಆಂಟಿ, ನಾನು ಸೈಕಲ್ ಕೂಡ ತುಳಿದಿಲ್ಲ."

"ಅದೇ ಬೇಕಾಗಿರೋದು."

ಅವಳಿಗೆ ಕಲಿಯುವವರ ಪರ್ಮಿಟ್ ಇರಲಿಲ್ಲ, ರಸ್ತೆಗಿಳಿಸುವಂತಿರಲಿಲ್ಲ. ಖಾಲಿ ಲಾಟಿನಲ್ಲಿ ಒಂದು ಸುತ್ತು ಸಾಕು ನನಗೆ. ಅವಳು ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೀಟು ಎಳೆದುಕೊಂಡಳು, ಒಳಗಿನ ಕನ್ನಡಿ, ಎಡಗನ್ನಡಿ, ಬಲಗನ್ನಡಿ ಸರಿಮಾಡಿಕೊಂಡಳು, ಬೆಲ್ಟು ಹಾಕಿಕೊಂಡಳು. ಒಂದನ್ನೂ ನಾನು ಹೇಳಿರಲಿಲ್ಲ. ಗಂಡನಿಗೆ ಹೇಳಿದ್ದನ್ನೆಲ್ಲ ಹಿಂದೆ ಕೂತು ಕಲಿತಿದ್ದಳು. ಬ್ರೇಕಿನ ಹದ ಸಿಗದೆ ಮೂರು ಸಲ ಜೋಲಿ ಹೊಡೆಸಿದಳು, ಆಮೇಲೆ ಗಾಡಿ ಸರಾಗವಾಗಿ ಸಾಗಿತು. ತಿರುವಿನಲ್ಲಿ "ಗೆರೆ ನನ್ನ ಪಕ್ಕ" ಎಂದು ಗಟ್ಟಿಯಾಗಿಯೇ ಹೇಳಿದಳು. ಹಿಂದಿನ ಸೀಟಿನಲ್ಲಿದ್ದ ಗಂಡ ಗಾಡಿ ನಿಲ್ಲಿಸಲು ಹೇಳಿ ಇಳಿದು, ಆ ಚಳಿಯಲ್ಲಿ ಬೆನ್ನು ತಿರುಗಿಸಿಕೊಂಡು ನಿಂತರು.

ಯೋಜನೆ ಸರಳ. ಅವಳು ಲೈಸೆನ್ಸ್ ತೆಗೆದುಕೊಂಡು ಗಂಡನನ್ನು ಕ್ರ್ಯಾನ್‌ಬರಿಗೆ ಬಿಟ್ಟು ಬರುವುದು, ಕರೆದಾಗಲೆಲ್ಲ ಕರೆದುಕೊಂಡು ಹೋಗುವುದು. ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ನೋಡಿಟ್ಟರು. ಪರ್ಮಿಟ್ಟಿಗೆ ಕೂತು ಬರೆಯುವ ಪರೀಕ್ಷೆಯನ್ನು ಅವಳು ಒಂದೇ ಸಲಕ್ಕೆ ಮುಗಿಸಿದಳು. ಯಾರೋ ಬಿಟ್ಟುಕೊಟ್ಟಿದ್ದ ಒಂದು ರೋಡ್ ಟೆಸ್ಟ್ ದಿನ, ಫೆಬ್ರವರಿಯ ಕೊನೆಯ ವಾರದಲ್ಲಿ, ಅಂಕಲ್ ಫೋನಿನ ಮೇಲೆ ಫೋನು ಮಾಡಿ ಹಿಡಿದುಕೊಟ್ಟರು. ಆ ಕೆಲವು ವಾರ ನಾನು ಬೇರೆ ಪಾಠಗಳನ್ನು ಅತ್ತಿತ್ತ ಸರಿಸಿ ದಿನಾ ಅವಳನ್ನು ಕರೆದುಕೊಂಡು ಹೋದೆ. ಅವಳು ತಪ್ಪು ಮಾಡಲಿಲ್ಲವೆಂದಲ್ಲ. ಹೊಸಬರ ತಪ್ಪೆಲ್ಲ ಮಾಡಿದಳು. ಹಳಬರ ತಪ್ಪು ಒಂದನ್ನೂ ಮಾಡಲಿಲ್ಲ. ಒಮ್ಮೊಮ್ಮೆ ಗಂಡ ಹಿಂದೆ ಕೂರುತ್ತಿದ್ದರು. ಎದುರಿಗೆ ಗಾಡಿ ಬಂದಾಗ ಆತನ ಬೆರಳು ಮೊಣಕಾಲಿನ ಮೇಲೆ ಅಲ್ಲಾಡುತ್ತಿತ್ತು.

"ಇವಳಿಗೆ ಭಯಾನೇ ಇಲ್ವಲ್ಲ ಮೇಡಂ," ಎಂದರು ಒಂದು ದಿನ.

"ಭಯ ಇದೆ ಸರ್. ಅಭ್ಯಾಸ ಇಲ್ಲ."

ಟೆಸ್ಟಿನ ದಿನ ಹಿಮ ಬಿತ್ತು. ನಾನು ಬೆಳಿಗ್ಗೆ ಎದ್ದು ಪರದೆ ಸರಿಸಿದಾಗ ಕಾರುಗಳೆಲ್ಲ ಒಂದೇ ಬಿಳಿ ದಿಬ್ಬ. ಸೆಂಟರಿಗೆ ಫೋನ್ ಮಾಡಿದರೆ ಅವತ್ತಿನ ಟೆಸ್ಟುಗಳೆಲ್ಲ ರದ್ದು ಎಂದು ರೆಕಾರ್ಡ್ ಮಾಡಿಟ್ಟ ದನಿ ಹೇಳಿತು. ಬದಲಿ ದಿನ ಸಿಕ್ಕಿದ್ದು ಎರಡು ವಾರ ಬಿಟ್ಟು. ಯಾರನ್ನು ಬಯ್ಯುವುದು? ಅಲ್ಲಾಹನನ್ನು ಬಯ್ಯಲಾಗುತ್ತದೆಯೇ? ಅವಳಿಗೆ ಹೇಳಿದಾಗ "ಆಯ್ತು ಆಂಟಿ" ಎಂದಷ್ಟೇ ಹೇಳಿ ಫೋನಿಟ್ಟಳು.

ಕರೆದುಕೊಂಡು ಹೋಗುತ್ತಿದ್ದ ನೆರೆಮನೆಯವನ ಶಿಫ್ಟು ಬದಲಾಯಿತು. ಎರಡು ವಾರ ತಾನೇ, ನಾನೇ ಬಿಡುತ್ತೇನೆ ಎಂದೆ. ಬೆಳಿಗ್ಗೆ ಬಿಟ್ಟು ಬರುತ್ತಿದ್ದೆ, ಸಂಜೆ ನನ್ನ ಪಾಠ ಮುಗಿಯುವವರೆಗೆ ಆತ ಅಲ್ಲೇ ಕಾಯುತ್ತಿದ್ದರು. ಮೊದಲ ವಾರ ಹಾಗೆ ಕಳೆಯಿತು.

ಭಾನುವಾರ ಮಧ್ಯಾಹ್ನ ಮನೆಗೆ ನೆಂಟರು ಬರುವವರಿದ್ದರು. ನಾನು ಬಿರಿಯಾನಿಗೆ ದಮ್ ಕಟ್ಟುತ್ತಿದ್ದೆ. ಆತನ ಫೋನ್ ಬಂತು. "ಮೇಡಂ, ಲಾರಿ ನಿಂತಿದೆಯಂತೆ, ಸಿಸ್ಟಮ್ ಡೌನ್. ಈಗ್ಲೇ ಬಾ ಅಂತಿದಾರೆ." ಒಲೆ ಆರಿಸಿ, ನನ್ನ ಗಂಡನಿಗೆ ಹೇಳಿ ಹೊರಟೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಆತನ ಮನೆಗೆ ಹೋಗಿ, ಹತ್ತಿಸಿಕೊಂಡು, ಒಳರಸ್ತೆಯಲ್ಲಿ ಉಪ್ಪು ಸುರಿಯುತ್ತಾ ತೆವಳುತ್ತಿದ್ದ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು, ಗೋದಾಮು ತಲುಪುವ ಹೊತ್ತಿಗೆ ಮಾಲಿನ ಲಾರಿಗಳು ಹೊರಟುಹೋಗಿ ಖಾಲಿ ಬಾಗಿಲುಗಳಷ್ಟೇ ಇದ್ದವು. ಆತ ಓಡಿಕೊಂಡು ಒಳಗೆ ಹೋದರು. ನಾನು ಎಂಜಿನ್ ಆರಿಸದೆ ಕಾದೆ. ತುಂಬ ಕಾಯಬೇಕಾಗಲಿಲ್ಲ. ಆತ ನಡೆದುಕೊಂಡು ಹೊರಗೆ ಬಂದರು. ಕೈಯಲ್ಲಿ ಮೇಜಿನ ಮೇಲಿಟ್ಟುಕೊಂಡಿದ್ದ ಮಗಳ ಫೋಟೋ ಇತ್ತು.

"ತುಂಬಾ ಮರ್ಯಾದೆಯಾಗೇ ಹೇಳಿದ್ರು," ಎಂದರು ಬೆಲ್ಟು ಹಾಕಿಕೊಳ್ಳುತ್ತಾ. "ಹತ್ತಿರದಲ್ಲಿರೋರು ಬೇಕಂತೆ."

ವಾಪಸ್ಸು ಬರುವಾಗ ಕಾರು ಎರಡು ಸಲ ಸುಮ್ಮಸುಮ್ಮನೆ ಜಗ್ಗಿತು. ಮೂರನೆಯ ಸಲಕ್ಕೆ ನನಗೆ ಹೊಳೆಯಿತು. ಆತ ಕೂತಿದ್ದದ್ದು ನನ್ನ ಸೀಟು. ಎರಡನೆಯ ಬ್ರೇಕು ಆತನ ಕಾಲಡಿ ಇತ್ತು.

"ಸರ್, ಕಾಲು ತೆಗೀರಿ."

"ಸಾರಿ ಮೇಡಂ. ಈ ಕಡೆ ಕೂತ್ರೆ ಕಾಲು ತಾನಾಗೇ ಹೋಗತ್ತೆ." ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡರು. ಸ್ವಲ್ಪ ದೂರ ಹೋದಮೇಲೆ ಮೆಲ್ಲಗೆ ಹೇಳಿದರು, "ನನ್ನನ್ನ ಟೆಸ್ಟಿಗೆ ಬಿಟ್ಟಿದ್ರೆ ಇವತ್ತು ಟೈಮಿಗೆ ಬಂದಿರ್ತಿದ್ದೆ."

ಅದು ನಿಜ. ಬಂದಿರುತ್ತಿದ್ದರು. ಅಥವಾ ದಾರಿಯಲ್ಲಿ ಯಾರನ್ನೋ ಲೈಟು ಹೊಡೆದು ಕರೆದು ಗುದ್ದಿರುತ್ತಿದ್ದರು. ಎರಡರಲ್ಲಿ ಯಾವುದೆಂದು ನಾನು ಹೇಗೆ ಹೇಳಲಿ? ಇವತ್ತು ಅದೇ ಪರಿಸ್ಥಿತಿ ಬಂದರೂ ಅದನ್ನೇ ಮಾಡುತ್ತೇನೆ. ಅದರಿಂದ ಸಂಕಟವೇನೂ ಕಡಿಮೆಯಾಗುವುದಿಲ್ಲ.

ಆತ ಟೆಸ್ಟು ಕ್ಯಾನ್ಸಲ್ ಮಾಡಿಸಿ ಎಂದರು. ಹೆಂಡತಿ ಹೋಗುತ್ತೇನೆ ಎಂದಳು. ಹೋದಳು, ಒಂದು ತಪ್ಪೂ ಇಲ್ಲದೆ ಪಾಸಾದಳು. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಬೇರೆ ಕೆಲಸಕ್ಕಾಗಿ ಆತ ಎಲ್ಲೆಲ್ಲೋ ಕೇಳಿದರು. ಆ ವಸಂತದಲ್ಲಿ ಕೆಲಸ ಕೊಡುವವರು ಯಾರಿದ್ದರು? ತುಮಕೂರಿಗೆ ಟಿಕೆಟ್ ಆಯಿತು. ಅಲ್ಲಿ ಆತನ ತಾಯಿಯ ಮನೆ. ಆ ತಾಯಿಗೆ ಇಂಗ್ಲಿಷಿನ ಒಂದಕ್ಷರ ಬಾರದು.

ಹೊರಡುವ ವಾರ ಅವಳು ಫೋನ್ ಮಾಡಿದಳು. "ಆಂಟಿ, ಪುಟ್ಟೀದು ಲಾಸ್ಟ್ ಸ್ಪೀಚ್ ಕ್ಲಾಸು. ಒಂದ್ಸಲ ನಾನೇ ಕರ್ಕೊಂಡ್ ಹೋಗ್ಬೇಕು. ನಿಮ್ಮ ಕಾರು ಕೊಡ್ತೀರಾ?"

ಕೊಟ್ಟೆ. ಅವಳಿಗೆ ಬೇಕಿಲ್ಲದಿದ್ದರೂ ಬಲಗಡೆ ನಾನು ಕೂತೆ. ಮಗು ಹಿಂದೆ ತನ್ನ ಎತ್ತರದ ಸೀಟಿನಲ್ಲಿ. ಹೋಗುವಾಗ ಅದರ ಬಾಯಿಗೆ ಬಿಡುವಿರಲಿಲ್ಲ. "ಸ್ಟಾಪ್ ಸೈನ್. ಬಿಗ್ ಟ್ರಕ್. ಮಮ್ಮಿ ಡ್ರೈವಿಂಗ್." ಒಂದೊಂದು ಮಾತನ್ನೂ ಹೊಸ ಬಳೆ ತೊಡುವ ಹಾಗೆ ಹುಷಾರಾಗಿ ಆಡುತ್ತಿತ್ತು. ತಾಯಿ ಇಂಗ್ಲಿಷಿನಲ್ಲಿ ಹೂಂಗುಡುತ್ತಾ ಓಡಿಸಿದಳು. ಅವಳ ಓಡಿಸುವಿಕೆಯಲ್ಲಿ ನಾನು ಹೇಳುವಂಥದ್ದೇನೂ ಉಳಿದಿರಲಿಲ್ಲ.

ವಾಪಸ್ಸು ಬರುವಾಗ ಸಿಗ್ನಲ್ ಬಿತ್ತು. ಅವಳು ನಿಲ್ಲಿಸಿದಳು.

"ಮಮ್ಮಿ, ರೆಡ್," ಎಂದಿತು ಮಗು.

ತಾಯಿ ಕನ್ನಡಿಯಲ್ಲಿ ಅದನ್ನು ನೋಡಿದಳು. "ಕೆಂಪು," ಎಂದಳು. "ಹೇಳು ಪುಟ್ಟಿ. ಕೆಂಪು."

"ರೆಡ್."

"ಅಜ್ಜಿ ಮನೇಲಿ ಕೆಂಪು ಅಂತಾರೆ. ಕೆಂಪು. ಅದು ಕಾರು, ಇದು ಮರ, ನೋಡು, ಮರ."

ಅವಳು ಮಗಳೊಂದಿಗೆ ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಗು ಸುಮ್ಮನಾಯಿತು. ಸಿಗ್ನಲ್ ಬಿಟ್ಟಿತು, ಅವಳು ಗಾಡಿ ಮುಂದಕ್ಕೆ ಬಿಟ್ಟು, ದಾರಿಯಲ್ಲಿ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಲೇ ಹೋದಳು. ಮನೆ, ಹುಲ್ಲು, ನಾಯಿ, ಹಕ್ಕಿ. ನಾನು ತಿರುಗಿ ನೋಡಿದೆ. ಮಗು ಕಿವಿಯ ಹಿಂದೆ ಕೈಹಾಕಿ, ಯಂತ್ರವನ್ನು ಬಿಚ್ಚಿ, ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ಚಾಚಿತು.

"ಆಂಟಿ," ಎಂದಿತು. "ನಾಟ್ ವರ್ಕಿಂಗ್."

ನಾನು ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅದರ ಪುಟ್ಟ ದೀಪ ಮಿನುಗುತ್ತಿತ್ತು. ಯಂತ್ರ ಸರಿಯಾಗಿಯೇ ಇತ್ತು.